ತತ್ತ್ವದ ಆಗಾಥಾ

ಸೀಮಾಟ್ ಊರಿನಲ್ಲಿ ಆಗಾಥಾ ಇಂಫೆಲ್ಡ್‌ಳಷ್ಟು ತತ್ತ್ವನಿಷ್ಠ ಹೆಂಗಸು ಇನ್ನೊಬ್ಬಳಿಲ್ಲ ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಗಾಳಿ ಕೆಡುತ್ತದೆಂದು ಅವಳು ಕಾರು ಇಟ್ಟುಕೊಂಡಿರಲಿಲ್ಲ. ಪ್ರಾಣಿಗಳ ಮೇಲಿನ ಕರುಣೆಯಿಂದ ಮಾಂಸ ಬಿಟ್ಟಿದ್ದಳು. ವಿಮಾನ ಹತ್ತಿದವಳಲ್ಲ. ಸ್ವಿಟ್ಜರ್ಲೆಂಡಿನಲ್ಲೇ ಹುಟ್ಟಿ ಬೆಳೆದಿದ್ದರೂ ಮದುವೆಯಾದ ಮೇಲೆ ಒಮ್ಮೆಯೂ ಹಿಮದ ಮೇಲೆ ಜಾರಲು ಹೋಗಿರಲಿಲ್ಲ, ಬೆಟ್ಟಕ್ಕೆ ನೋವಾಗುತ್ತದಂತೆ. ಹನ್ನೊಂದು ಚಳಿಗಾಲವನ್ನು ಅವಳು ಒಂದೇ ನೀಲಿ ಕೋಟಿನಲ್ಲಿ ಕಳೆದಿದ್ದಳು. ಊರಿನಲ್ಲಿ ಕಸ ಹಾಕಲು ಪಂಚಾಯಿತಿಯವರೇ ಮಾರುವ ದುಬಾರಿ ಚೀಲ ಕೊಳ್ಳಬೇಕು. ಬೇರೆಯವರ ಮನೆಯಿಂದ ವಾರಕ್ಕೆರಡು ಚೀಲ ಹೊರಬಿದ್ದರೆ ಆಗಾಥಾ ಕಸವನ್ನು ಕಾಲಿನಿಂದ ತುಳಿದು ತುಳಿದು ಒಂದೇ ಚೀಲವನ್ನು ಒಂದೂವರೆ ತಿಂಗಳು ಓಡಿಸುತ್ತಿದ್ದಳು. ಪರಿಸರ ಬಳಗದವರು ಆ ಚೀಲದ ಫೋಟೋ ತೆಗೆದು ಗ್ರಂಥಾಲಯದಲ್ಲಿ ಪ್ರದರ್ಶನಕ್ಕಿಟ್ಟಿದ್ದರು.

ನಿಜ ಸಂಗತಿ ಏನೆಂದರೆ, ಆಗಾಥಾಳ ಹತ್ತಿರ ದುಡ್ಡಿರಲಿಲ್ಲ.

ಅವಳ ಗಂಡ ಆಲ್ಫೋನ್ಸ್ ಚರ್ಚಿನ ಬೀದಿಯಲ್ಲಿ ಬೂಟು ರಿಪೇರಿ ಅಂಗಡಿ ಇಟ್ಟಿದ್ದ. ಕೈಗುಣ ಚೆನ್ನಾಗಿತ್ತು. ಆದರೆ ಊರು ಶ್ರೀಮಂತವಾದಂತೆಲ್ಲ ಅಂಗಡಿ ಬಡವಾಯಿತು. ಹಿಮ್ಮಡಿ ಒಂದಿಷ್ಟು ಸವೆದರೆ ಜೋಡನ್ನೇ ಬಿಸಾಡುವ ಜನರಿಗೆ ಹೊಲಿಗೆ ಯಾರಿಗೆ ಬೇಕು? "ಒಂದು ಒಳ್ಳೆ ಆರ್ಥಿಕ ಕುಸಿತ ಬಂದ್ರೆ ಸಾಕು ಕಣೇ, ನಾವು ಉದ್ಧಾರ ಆಗ್ಬಿಡ್ತೀವಿ" ಎಂದು ಆಲ್ಫೋನ್ಸ್ ಇಪ್ಪತ್ತು ವರ್ಷ ಕಾದ. ಕುಸಿತ ಬರಲಿಲ್ಲ, ಎದೆನೋವು ಬಂತು. ಅವನು ಹೋದ ಮೇಲೆ ಅಂಗಡಿಯ ಜಾಗದಲ್ಲಿ ನಾಯಿಗಳಿಗೆ ಸ್ವೆಟರ್ ಮಾರುವ ಮಳಿಗೆ ಬಂತು.

ಐವತ್ತೆಂಟರ ಆಗಾಥಾ ಈಗ ಶಾಲೆಯ ಅಡುಗೆಮನೆಯಲ್ಲಿ ದಿನಕ್ಕೆ ಮೂರು ಗಂಟೆ ದುಡಿಯುತ್ತಿದ್ದಳು, ಎರಡು ಮನೆಗಳಲ್ಲಿ ಅಂಗಿ ಇಸ್ತ್ರಿ ಮಾಡುತ್ತಿದ್ದಳು. ಸಂಬಳ ಬಂದ ದಿನವೇ ಬಾಡಿಗೆ ಒಂದು ಕಡೆಯಿಂದ, ಆರೋಗ್ಯ ವಿಮೆ ಇನ್ನೊಂದು ಕಡೆಯಿಂದ ಎಳೆದುಕೊಂಡು ಹೋಗುತ್ತಿದ್ದವು. ಉಳಿದದ್ದರಲ್ಲಿ ತಿಂಗಳ ಮೊದಲ ಎರಡು ವಾರ ಅವಳು ಮಧ್ಯಮ ವರ್ಗದವಳು. ಮೂರನೆಯ ವಾರದಿಂದ ತತ್ತ್ವನಿಷ್ಠೆ.

ಸುಳ್ಳು ಹೇಳಬೇಕೆಂದು ಅವಳು ಹೊರಟವಳಲ್ಲ. ಒಂದು ಸಂಜೆ ಚರ್ಚಿನ ಹಾಡುಗಾರ್ತಿಯರೆಲ್ಲ ಅಭ್ಯಾಸ ಮುಗಿಸಿ ಕಾಫಿಗೆ ಹೊರಟರು. ಆ ಹೋಟೆಲಿನ ಒಂದು ಕಪ್ಪು ಕಾಫಿಯ ಬೆಲೆಗೆ ಅವಳು ಎರಡು ದಿನದ ಬ್ರೆಡ್ಡು ತರುತ್ತಿದ್ದಳು. "ಕಾಫಿ ನನ್ನ ಎದೆಗೆ ಆಗಲ್ಲ" ಎಂದುಬಿಟ್ಟಳು. ತಂತಿಗಾಡಿ ಹತ್ತಿ ಶಿಖರಕ್ಕೆ ಹೋಗೋಣ ಎಂದಾಗ "ತಲೆ ಸುತ್ತುತ್ತೆ" ಎಂದಳು. ಮುಂದೊಂದು ದಿನ ಮಾಂಸದಂಗಡಿಯ ಗಾಜಿನೆದುರು ಬೆಲೆಚೀಟಿ ಓದುತ್ತ ನಿಂತು ಸಿಕ್ಕಿಬಿದ್ದಾಗ ಬಾಯಿಗೆ ಬಂದದ್ದು, "ಬಿಟ್ಬಿಟ್ಟಿದ್ದೀನಿ, ಪಾಪ, ಅವಕ್ಕೂ ಜೀವ ಇರುತ್ತಲ್ಲ." ಕೇಳಿದ ಇಬ್ಬರು ಹೆಂಗಸರು ಬೀದಿಯಲ್ಲೇ ಅವಳನ್ನು ತಬ್ಬಿಕೊಂಡರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎನ್ನುವ ಹಾಗೆ ಅವಳ ಬಾಲ್ಕನಿಯಲ್ಲಿ ಕೆಂಪು ಜೆರೇನಿಯಂ ಹೂ ಮಾತ್ರ ಯಾವ ಬೇಸಿಗೆಯಲ್ಲೂ ತಪ್ಪುತ್ತಿರಲಿಲ್ಲ. ಹೂವಿಲ್ಲದ ಬಾಲ್ಕನಿಯನ್ನು ನೆರೆಯವರು ಕೂಡಲೇ ಗಮನಿಸುತ್ತಾರೆ. ಆ ದೇಶದಲ್ಲಿ ಬಡವರಾಗುವುದು ಪಾಪವೇನಲ್ಲ. ಆದರೆ ತಡವಾಗಿ ಬಂದ ರೈಲಿನ ಹಾಗೆ ಏಕೆ ಹೀಗಾಯಿತೆಂದು ಎಲ್ಲರಿಗೂ ವಿವರಣೆ ಕೊಡಬೇಕಾಗುತ್ತದೆ.

ಅಕ್ಟೋಬರ್ ತಿಂಗಳ ಒಂದು ಬೆಳಿಗ್ಗೆ ಪಂಚಾಯಿತಿ ಅಧ್ಯಕ್ಷ ಗೀಡೋ ಜುಂಬೂಲ್ ಅವಳ ಬಾಗಿಲು ತಟ್ಟಿದ. ಇತರರ ಹಣವನ್ನು ನೋಡಿಕೊಳ್ಳುವುದು ಅವನ ಕಸುಬು. ಮನುಷ್ಯ ಕೆಟ್ಟವನಲ್ಲ, ಕಷ್ಟ ಎನ್ನುವುದನ್ನು ದೂರದಿಂದಷ್ಟೇ ಕೇಳಿ ತಿಳಿದಿದ್ದವನು.

"ಫ್ರಾವ್ ಇಂಫೆಲ್ಡ್, ನಿಮ್ಮಂಥವರು ನಮ್ಮ ಸಮಿತಿಗೆ ಬೇಕು. ಕಪ್ತಾನನ ದತ್ತಿ ಸಮಿತಿಗೆ."

ಕಪ್ತಾನನ ದತ್ತಿ ಊರಿನ ಮಕ್ಕಳಿಗೂ ಗೊತ್ತು. ನಾನೂರು ವರ್ಷದ ಹಿಂದೆ ಪರದೇಶದ ರಾಜರಿಗಾಗಿ ಕಾದಾಡಿ ದುಡ್ಡು ಮಾಡಿದ ಮೆಲ್ಕಿಯೋರ್ ಎಂಬ ಕಪ್ತಾನ ಸಾಯುವ ಕಾಲಕ್ಕೆ ನರಕದ ಹೆದರಿಕೆ ಹತ್ತಿ ಕೆರೆದಂಡೆಯ ತನ್ನ ಹುಲ್ಲುಗಾವಲನ್ನು ಬಡವರ ಹೆಸರಿಗೆ ಬರೆದಿದ್ದ. ಪ್ರತಿ ವರ್ಷ ಸಂತ ಮಾರ್ಟಿನನ ದಿನ ಊರಿನ ಬಡವರನ್ನು ಒಂಬತ್ತು ಕುರ್ಚಿಗಳಲ್ಲಿ ಕೂರಿಸಿ ಪಂಚಾಯಿತಿಯವರು ತಮ್ಮ ಕೈಯಾರೆ ಸೂಪು ಬಡಿಸಬೇಕು. ಬಂಡಿಗಾಲಿಯಂಥ ಚೀಸಿನ ಕಾಲು ಭಾಗ, ಉಣ್ಣೆಯ ಕಂಬಳಿ, ಚಳಿಗಾಲಕ್ಕಾಗುವಷ್ಟು ಸೌದೆ ಕೊಡಬೇಕು. ಯಾವ ವರ್ಷ ಒಬ್ಬನೇ ಒಬ್ಬ ಬಡವನೂ ಬಂದು ಕೂರುವುದಿಲ್ಲವೋ ಆ ವರ್ಷ ಹುಲ್ಲುಗಾವಲು ಪಕ್ಕದ ಬುಖ್ಲೆನ್ ಹಳ್ಳಿಗೆ ಸೇರಬೇಕು. ಆ ಹುಲ್ಲುಗಾವಲಿನ ಮೇಲೆ ಈಗ ಆರು ಗಾಜಿನ ಕಟ್ಟಡಗಳು ನಿಂತಿದ್ದವು.

"ಬೇಡಾ ಅನ್ನೋ ಮುದುಕಪ್ಪ ಇದ್ರಲ್ಲ?" ಎಂದಳು ಆಗಾಥಾ. ಚಿಕ್ಕಂದಿನಲ್ಲಿ ರೈತರ ಮನೆಯಲ್ಲಿ ಜೀತಕ್ಕಿದ್ದ ಬೇಡಾ ಹದಿನಾಲ್ಕು ವರ್ಷದಿಂದ ಒಬ್ಬನೇ ಬಂದು ಸೂಪು ಕುಡಿದು ಊರಿನ ಆಸ್ತಿ ಉಳಿಸುತ್ತಿದ್ದ.

"ಏಪ್ರಿಲ್‌ನಲ್ಲಿ ತೀರ್ಕೊಂಡ್ರು" ಎಂದ ಗೀಡೋ. ಅವನ ದುಃಖ ಪ್ರಾಮಾಣಿಕವಾಗಿತ್ತು. "ಇರೋ ಒಬ್ಬ ಬಡವರನ್ನೂ ಕಳ್ಕೊಂಡ್ವಿ."

ಸಮಿತಿಯ ಸಭೆಯಲ್ಲಿ ಮೂವರಿದ್ದರು: ಗೀಡೋ, ಕೊರ್ದುಲಾ ಎಂಬ ಚುರುಕಾದ ವಕೀಲೆ, ಮತ್ತು ಆಗಾಥಾ. ಮೇಜಿನ ಮೇಲೆ ಬಿಸ್ಕತ್ತುಗಳಿದ್ದವು. ತಿಂಗಳ ನಾಲ್ಕನೆಯ ವಾರವಾದ್ದರಿಂದ ಆಗಾಥಾ ತುಂಬ ಗಮನವಿಟ್ಟು ತಿನ್ನುತ್ತಿದ್ದಳು.

"ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟಿದ್ವಿ, ಬಡವರು ಬೇಕಾಗಿದ್ದಾರೆ ಅಂತ" ಎಂದಳು ಕೊರ್ದುಲಾ. "ಎರಡೇ ಅರ್ಜಿ. ಒಬ್ರು ಭಾವಮೈದನಿಗೆ ಹೋಲಿಸಿದ್ರೆ ತಾವು ಬಡವರು ಅಂದಿದ್ದಾರೆ. ಇನ್ನೊಬ್ರು ದೋಣಿ ಮಾರಬೇಕಾಗಿ ಬಂತು ಅಂದಿದ್ದಾರೆ."

"ದೋಣಿ ಮಾರಿದ್ರಾ? ಪಾಪ" ಎಂದ ಗೀಡೋ.

"ದೊಡ್ಡದು ತಗೊಳ್ಳೋಕೆ."

"ಜ್ಯೂರಿಕ್‌ನಿಂದ ಒಬ್ಬರನ್ನ ಕರೆಸಿದ್ರೆ?"

"ಊರಿನ ನಿವಾಸಿಯೇ ಆಗಿರಬೇಕು ಅಂತ ವಿಲ್‌ನಲ್ಲಿದೆ."

"ಇಲ್ಲೇ ಒಂದು ಮನೆ ಬಾಡಿಗೆಗೆ ಕೊಡಿಸೋಣ."

"ಇಲ್ಲಿನ ಬಾಡಿಗೆ ಕಟ್ಟಿದ್ರೆ ಯಾರಾದ್ರೂ ಬಡವರಾಗ್ತಾರೆ, ಅದೇನೋ ನಿಜ" ಎಂದಳು ಕೊರ್ದುಲಾ. ಅವಳು ಕಾಗದ ತೆಗೆದು ಬಡವರ ಲಕ್ಷಣಗಳನ್ನು ಬರೆಯತೊಡಗಿದಳು. "ಕಾರಿಲ್ಲ. ರಜೆಗೆ ಎಲ್ಲೂ ಹೋಗಲ್ಲ. ಹೊಸ ಬಟ್ಟೆ ಇಲ್ಲ. ಮಾಂಸ ತಿನ್ನಲ್ಲ..."

ಗೀಡೋ ನಕ್ಕ. "ಒಳ್ಳೇದಾಯ್ತು, ನಮ್ಮ ಫ್ರಾವ್ ಇಂಫೆಲ್ಡ್ ಥರದವರೇ. ಆದ್ರೆ ತತ್ತ್ವ ಇಲ್ದೆ!"

ಮೂವರೂ ನಕ್ಕರು. ಆಗಾಥಾಳ ಗಂಟಲಿಗೆ ಬಿಸ್ಕತ್ತು ಸಿಕ್ಕಿಕೊಂಡು ಕೊರ್ದುಲಾ ಬೆನ್ನು ತಟ್ಟಬೇಕಾಯಿತು. ಕೆಮ್ಮು ನಿಂತ ಮೇಲೆ ಅವಳು, "ಯಾರಾದ್ರೂ ಇದ್ದೇ ಇರ್ತಾರೆ. ನಾನು ವಿಚಾರಿಸ್ತೀನಿ" ಎಂದು ಒಪ್ಪಿಕೊಂಡಳು.

ಯಾರು ಎಂದು ಅವಳಿಗೆ ಚೆನ್ನಾಗಿಯೇ ಗೊತ್ತಿತ್ತು. ಶನಿವಾರ ಸಂಜೆ ನಾಲ್ಕೂವರೆಗೆ ದೊಡ್ಡ ಅಂಗಡಿಯ ತಣ್ಣನೆ ಕಪಾಟಿಗೆ ಒಬ್ಬ ಹುಡುಗಿ ಅರ್ಧ ಬೆಲೆಯ ಹಳದಿ ಚೀಟಿ ಅಂಟಿಸುತ್ತ ಬರುತ್ತಾಳೆ. ಭಾನುವಾರ ಅಂಗಡಿ ಮುಚ್ಚಿರುವುದರಿಂದ ಅಂದೇ ಎಲ್ಲ ಖಾಲಿಯಾಗಬೇಕು. ಆ ಹೊತ್ತಿಗೆ ಐದಾರು ಮಂದಿ ಪಕ್ಕದ ಸಾಲಿನಲ್ಲಿ ಸಾಸಿವೆ ಡಬ್ಬಿಗಳನ್ನು ಓದುತ್ತ ನಿಂತಿರುತ್ತಾರೆ. ಸಾಸಿವೆಯ ಬಗ್ಗೆ ಅಷ್ಟು ತಿಳಿದ ಜನ ಜಗತ್ತಿನಲ್ಲೆಲ್ಲೂ ಸಿಗಲಾರರು. ಒಬ್ಬರ ಮುಖ ಒಬ್ಬರು ನೋಡುವಂತಿಲ್ಲ, ನಮಸ್ಕಾರ ಹೇಳುವಂತಿಲ್ಲ. ಯಾರೂ ಮಾಡದ ಈ ಕಾನೂನನ್ನು ಯಾರೂ ಮುರಿದಿರಲಿಲ್ಲ.

ಆ ಶನಿವಾರ ಆಗಾಥಾ ಮುರಿದಳು.

"ನಮಸ್ಕಾರ, ಹೆರ್ ಬೆಟ್ಷಾರ್ಟ್."

ಕ್ಸಾವರ್ ಬೆಟ್ಷಾರ್ಟ್ ಚರ್ಚಿನ ಆರ್ಗನ್ ನುಡಿಸುವವನು. ಎಪ್ಪತ್ತರ ಹತ್ತಿರದ ಒಂಟಿ ಜೀವ. ಸದಾ ಟೈ ಕಟ್ಟಿರುತ್ತಿದ್ದ. ಅವನು ಹೌಹಾರಿ ಕೈಯಲ್ಲಿದ್ದ ಅರ್ಧ ಬೆಲೆಯ ಮೀನನ್ನು ಬೆನ್ನಹಿಂದೆ ಇಟ್ಟುಕೊಂಡ.

"ಓ, ಫ್ರಾವ್ ಇಂಫೆಲ್ಡ್. ಇದು... ಇದು ಬೆಕ್ಕಿಗೆ."

ಬೆಕ್ಕು ಸತ್ತು ಆರು ವರ್ಷವಾಗಿತ್ತು. ಅದು ಕಳೆದುಹೋದಾಗ ಊರಿನ ಕಂಬಗಳ ಮೇಲೆಲ್ಲ ಚೀಟಿ ಅಂಟಿಸಿದ್ದೂ, ಹೆಣ ಸಿಕ್ಕಾಗ ಅವನು ಒಂದು ಇಡೀ ತಿಂಗಳು ಚರ್ಚಿನಲ್ಲಿ ಶೋಕದ ರಾಗವನ್ನೇ ನುಡಿಸಿದ್ದೂ ಯಾರೂ ಮರೆತಿರಲಿಲ್ಲ.

"ದತ್ತಿ ಸಮಿತಿಗೆ ನನ್ನನ್ನ ಹಾಕಿದ್ದಾರೆ" ಎಂದು ಆಗಾಥಾ ದನಿ ತಗ್ಗಿಸಿದಳು. "ಸಂತ ಮಾರ್ಟಿನನ ದಿನ ಬಂದು ಕೂತ್ಕೊಳ್ಳೋಕೆ ಯಾರಾದ್ರೂ... ಅಂದ್ರೆ ನಿಮಗೆ ಯಾರಾದ್ರೂ ಪರಿಚಯದವರು..."

ಕ್ಸಾವರ್‌ನ ಕಿವಿ ಕೆಂಪಾಯಿತು. "ಬಡವರಾ? ನನಗೆ ಹೇಗ್ರೀ ಗೊತ್ತಿರುತ್ತೆ? ಬುಖ್ಲೆನ್ ಕಡೆ ಇರಬಹುದು, ವಿಚಾರಿಸಿ."

"ಸೌದೆ ಬದಲು ಈಗ ಹೀಟರ್ ಖರ್ಚು ಕೊಡ್ತಾರಂತೆ. ಇಡೀ ಚಳಿಗಾಲಕ್ಕೆ."

ಅವನ ಕಣ್ಣು ಒಂದು ಕ್ಷಣ ಅರಳಿ ಮತ್ತೆ ಮುದುಡಿತು. "ಅಷ್ಟು ಒಳ್ಳೇದಾಗಿದ್ರೆ ನೀವೇ ಹೋಗಿ ಕೂತ್ಕೊಳ್ಳಿ!" ಎಂದು ಹೇಳಿ ಮೀನನ್ನು ಎದೆಗವಚಿಕೊಂಡು ಹೊರಟೇಹೋದ. ಸಾಸಿವೆ ಓದುತ್ತಿದ್ದ ಮಿಕ್ಕವರು ಇನ್ನೂ ಆಳವಾಗಿ ಓದತೊಡಗಿದರು.

ಆಗಾಥಾ ಮನೆಗೆ ಬಂದು ಕೋಟು ತೆಗೆಯದೆಯೇ ಕುಳಿತಳು. ಮನೆಯೊಳಗೂ ಕೋಟು ಬೇಕಾಗುವ ಚಳಿ. ಮುದುಕನ ಮೇಲೆ ಅವಳಿಗೆ ಸಿಟ್ಟು ಬರಲಿಲ್ಲ. ಅವನು ಹೇಳಿದ್ದರಲ್ಲಿ ಯಾವ ತಪ್ಪಿದೆ? ತಾನು ಗೀಡೋ ಜುಂಬೂಲ್‌ನ ಕಡೆ ನಿಂತು ಕ್ಸಾವರ್‌ನ ಬೆನ್ನ ಹಿಂದಿನ ಮೀನನ್ನು ನೋಡಿದೆನಲ್ಲ ಎಂದು ನಾಚಿಕೆಯಾಯಿತು. ನಾಚಿಕೆಯ ಜೊತೆ ಹಸಿವೂ ಆಯಿತು. ಎರಡರಲ್ಲಿ ಹಸಿವೇ ಮೇಲಾಗಿ, ಎದ್ದು ಆಲೂಗಡ್ಡೆ ಬೇಯಿಸಿಕೊಂಡಳು.

ಸಂತ ಮಾರ್ಟಿನನ ದಿನ ಪುರಭವನ ಕಿಕ್ಕಿರಿದಿತ್ತು. ಮುಂದೆ ಬಿಳಿ ಬಟ್ಟೆ ಹೊದಿಸಿದ ಉದ್ದ ಮೇಜು, ಒಂಬತ್ತು ಖಾಲಿ ಆಸನಗಳು. ಪದ್ಧತಿಯಂತೆ ಪಂಚಾಯಿತಿಯವರೂ ಸಮಿತಿಯವರೂ ಏಪ್ರನ್ ಕಟ್ಟಿಕೊಂಡು ಸೌಟು ಹಿಡಿದು ನಿಂತಿದ್ದರು. ಮೂಲೆಯಲ್ಲಿ ಕ್ಸಾವರ್ ಸಭೆಗೆ ಬೆನ್ನು ಹಾಕಿ ಪುಟ್ಟ ಹಾರ್ಮೋನಿಯಂ ನುಡಿಸುತ್ತ ಕುಳಿತಿದ್ದ. ಬುಖ್ಲೆನ್‌ನ ಪರವಾಗಿ ನೋಡಿಹೋಗುವ ಹಕ್ಕಿನಿಂದ ಅಲ್ಲಿನ ಅಧ್ಯಕ್ಷೆ ರೊಸಾಲಿಯಾ ಗ್ವೆರ್ಡರ್ ಬಂದಿದ್ದಳು. ಬುಖ್ಲೆನ್‌ನ ಮಾಂಸದಂಗಡಿಯ ಒಡತಿ. ಒಂದು ಕಣ್ಣು ಹಾಯಿಸಿ ಹಸುವಿನ ತೂಕ ಹೇಳಬಲ್ಲವಳು.

"ಬಡವರೆಲ್ಲಿ, ಹೆರ್ ಜುಂಬೂಲ್?" ಎಂದಳು ಅವಳು. "ಗಾಜಿನ ಕಟ್ಟಡಗಳಿಗೆ ಯಾವ ಬಣ್ಣದ ಪರದೆ ಹಾಕಿಸೋದು ಅಂತ ನಾವು ಆಗ್ಲೇ ಯೋಚನೆ ಮಾಡ್ತಿದ್ದೀವಿ."

"ಬರ್ತಿದ್ದಾರೆ, ಬರ್ತಿದ್ದಾರೆ" ಎಂದು ಗೀಡೋ ಬೆವರೊರೆಸಿಕೊಂಡ.

ಬಾಗಿಲಿನಿಂದ ಒಬ್ಬ ತರುಣ ಒಳಬಂದ. ಹರಿದ ಕೋಟು, ಕೆದರಿದ ಕೂದಲು, ಕೆನ್ನೆಗೆ ಮಸಿ. ಮಸಿ ಏಕೆಂದು ಯಾರಿಗೂ ತಿಳಿಯಲಿಲ್ಲ. ಆ ಊರಿನಲ್ಲಿ ಸೌದೆ ಒಲೆಯೇ ಇರಲಿಲ್ಲ. ಅವನು ಗೀಡೋನ ಅಕ್ಕನ ಮಗ, ಹೋಟೆಲ್ ಆಡಳಿತ ಓದುತ್ತಿದ್ದವನು, ಎಂದು ಆಗಾಥಾಳಿಗೆ ನೋಡಿದ ಕೂಡಲೇ ಗೊತ್ತಾಯಿತು. ವಾರವಾರ ಅವನ ಅಂಗಿಗಳಿಗೆ ಇಸ್ತ್ರಿ ಹಾಕುವವಳು ಅವಳೇ.

ರೊಸಾಲಿಯಾ ಅವನ ಸುತ್ತ ಒಂದು ಪ್ರದಕ್ಷಿಣೆ ಬಂದಳು. "ಬಾಯಿ ತೆಗಿಯಪ್ಪ."

"ಯಾಕೆ?"

"ತೆಗೀ ಅಂದೆ."

ಹುಡುಗ ಗಾಬರಿಯಿಂದ ನಕ್ಕ. ಮೂವತ್ತೆರಡು ಹಲ್ಲೂ ಮುತ್ತು ಪೋಣಿಸಿದ ಹಾಗೆ ಸಾಲಾಗಿದ್ದವು.

"ನೋಡ್ರಪ್ಪಾ! ಈ ಹಲ್ಲಿಗೆ ಹಾಕಿಸಿದ ತಂತಿಯ ದುಡ್ಡಲ್ಲಿ ನಮ್ಮೂರಲ್ಲಿ ಎರಡು ಹಾಲು ಕೊಡೋ ಹಸು ಬರ್ತವೆ. ಬಟ್ಟೆ ಹರಿಬಹುದು, ಮುಖಕ್ಕೆ ಮಸಿ ಬಳಿಬಹುದು, ಹಲ್ಲು ಸುಳ್ಳು ಹೇಳಲ್ಲ. ಹೋಗಪ್ಪಾ ಮನೆಗೆ, ಮುಖ ತೊಳ್ಕೋ."

ಸಭೆ ಗೊಳ್ಳೆಂದಿತು. ಗೀಡೋನ ಮುಖ ಮೇಜಿನ ಬಟ್ಟೆಯಷ್ಟೇ ಬೆಳ್ಳಗಾಯಿತು. ಕೊರ್ದುಲಾ ವಿಲ್ಲಿನ ಪ್ರತಿಯನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದಳು. ಆಗಾಥಾಳ ಕೈಯಲ್ಲಿದ್ದ ಪಾತ್ರೆಯಿಂದ ಸೂಪಿನ ಹಬೆ ಏಳುತ್ತಿತ್ತು. ಬಾರ್ಲಿ, ಗಜ್ಜರಿ, ಹೊಗೆಯಾಡಿಸಿದ ಹಂದಿಮಾಂಸ. ಅವಳು ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಮಾನವೋ ಸೂಪೋ ಎಂದು ಅವಳ ಮನಸ್ಸು ತೂಗುತ್ತಿರುವಾಗಲೇ ಕೈ ಏಪ್ರನ್ನಿನ ಗಂಟು ಬಿಚ್ಚಿಬಿಟ್ಟಿತ್ತು. ಪಾತ್ರೆಯನ್ನು ಗೀಡೋನ ಕೈಗೆ ಕೊಟ್ಟು, ಮೇಜು ಸುತ್ತಿ ಬಂದು, ನಡುವಿನ ಆಸನದಲ್ಲಿ ಕುಳಿತಳು.

ಪರಿಸರ ಬಳಗದ ಕಡೆಯಿಂದ ಚಪ್ಪಾಳೆ ಶುರುವಾಗಿ ಇಡೀ ಸಭೆಗೆ ಹಬ್ಬಿತು.

"ಎಂಥಾ ಪ್ರತಿಭಟನೆ!" ಎಂದು ಯಾರೋ ಕೂಗಿದರು.

ಗೀಡೋನ ಕಣ್ಣು ತುಂಬಿ ಬಂತು. "ಫ್ರಾವ್ ಇಂಫೆಲ್ಡ್, ನಮ್ಮ ತಪ್ಪನ್ನ ಎಷ್ಟು ಸಾಂಕೇತಿಕವಾಗಿ ತೋರಿಸಿಕೊಟ್ರಿ..."

"ಸಂಕೇತ ಅಲ್ರೀ" ಎಂದಳು ಆಗಾಥಾ. "ಹಸಿವು. ಸೂಪು ಬಡಿಸಿ."

ಚಪ್ಪಾಳೆ ಇನ್ನೂ ಜೋರಾಯಿತು.

ಅವಳಿಗೆ ತಾಳ್ಮೆ ತಪ್ಪಿತು. "ಅಯ್ಯೋ ದೇವರೇ, ಕೇಳಿಸ್ಕೊಳ್ರೋ! ನಾನು ಬಡವಿ! ಕಾರಿಲ್ಲದೇ ಇರೋದು ದುಡ್ಡಿಲ್ಲದೇ. ಒಂದೇ ಕೋಟು ಹಾಕ್ಕೊಳ್ಳೋದು ಇನ್ನೊಂದು ಇಲ್ಲದೇ. ಮನೆ ತಣ್ಣಗಿಡೋದು ಭೂಮಿ ಬಿಸಿ ಆಗುತ್ತೆ ಅಂತ ಅಲ್ಲ!"

"ಆದ್ರೆ ಮಾಂಸ?" ಎಂದು ಬಳಗದ ಹೆಂಗಸೊಬ್ಬಳು ಅಳುದನಿಯಲ್ಲಿ ಕೇಳಿದಳು.

ಆಗಾಥಾ ಗೀಡೋನ ಕೈಯಲ್ಲಿದ್ದ ಪಾತ್ರೆಗೆ ಚಮಚ ಹಾಕಿ ದೊಡ್ಡದೊಂದು ಹಂದಿಮಾಂಸದ ತುಂಡನ್ನು ಎತ್ತಿ ಬಾಯಿಗಿಟ್ಟಳು. ನಾಲ್ಕು ವರ್ಷದ ಮೇಲಿನ ಮೊದಲ ತುತ್ತು. ಕಣ್ಣು ತಾನಾಗಿ ಮುಚ್ಚಿಕೊಂಡಿತು. ಅದನ್ನು ನೋಡಿದ ಮೇಲೆ ಚಪ್ಪಾಳೆ ನಿಂತಿತು.

ರೊಸಾಲಿಯಾ ಬಿಡಲಿಲ್ಲ. "ಒಂದ್ನಿಮಿಷ. ಬಾಯಿ ತೆಗೀರಮ್ಮ."

ಆಗಾಥಾ ನುಂಗಿ ಬಾಯಿ ತೆರೆದಳು. ಬಲದವಡೆಯಲ್ಲಿ ಮೂರು, ಎಡದಲ್ಲಿ ಎರಡು ಹಲ್ಲಿರಲಿಲ್ಲ, ಮುಂದಿನದೊಂದು ಅಲ್ಲಾಡುತ್ತಿತ್ತು. ದಂತವೈದ್ಯನ ಹತ್ತಿರ ಹೋಗುವುದೆಂದರೆ ಒಂದು ತಿಂಗಳ ಊಟ ಬಿಡಬೇಕು. ಊಟ ಬಿಟ್ಟ ಮೇಲೆ ಹಲ್ಲೇಕೆ ಎಂದು ಅವಳು ಸುಮ್ಮನಿದ್ದಳು. ರೊಸಾಲಿಯಾ ಕತ್ತು ವಾರೆ ಮಾಡಿ ಒಳಗೆ ಇಣುಕಿದಳು. ಅವಳ ಮುಖದ ಬಿಗಿ ಸಡಿಲವಾಯಿತು.

"ಹೂಂ" ಎಂದಳು ಮೆಲ್ಲಗೆ. "ಇವರು ನಿಜವಾಗ್ಲೂ ಬಡವರೇ. ಒಪ್ದೆ." ಆಮೇಲೆ, "ಮೆತ್ತಗಿರೋ ತುಂಡು ನೋಡಿ ಹಾಕ್ರಿ ಇವರಿಗೆ" ಎಂದು ಗೀಡೋನನ್ನು ಗದರಿಸಿದಳು.

ಆಗ ಮೂಲೆಯ ಹಾರ್ಮೋನಿಯಂ ನಡುರಾಗದಲ್ಲೇ ನಿಂತಿತು. ಕ್ಸಾವರ್ ಬೆಟ್ಷಾರ್ಟ್ ಎದ್ದು ನಿಂತು, ಟೈ ಸರಿಮಾಡಿಕೊಂಡು, ಯಾರನ್ನೂ ನೋಡದೆ ಹೇಳಿದ:

"ನನ್ನ ಮನೇಲಿ ಬೆಕ್ಕಿಲ್ಲ."

ಸಭೆಗೆ ಅರ್ಥವಾಗಲಿಲ್ಲ. ಆಗಾಥಾಳಿಗೆ ಆಯಿತು. ಅವಳು ಪಕ್ಕದ ಆಸನವನ್ನು ಹಿಂದಕ್ಕೆಳೆದಳು. ಅವನು ಬಂದು ಕುಳಿತ. ಹಿಂದಿನ ಸಾಲಿನಿಂದ ಎರಡು ಮಕ್ಕಳ ತಾಯಿ ಡೋರಿಸ್ ಎಂಬ ಕ್ಷೌರದಂಗಡಿಯ ಹೆಂಗಸು ಎದ್ದು ಬಂದಳು. ಆಮೇಲೆ ಗೀಡೋನ ಕಚೇರಿಯೇ ಇರುವ ಗಾಜಿನ ಕಟ್ಟಡವನ್ನು ತೊಳೆಯುವ ಇಬ್ಬರು. ಸಾಸಿವೆ ಓದುವ ಬಳಗ ಹೆಚ್ಚುಕಡಿಮೆ ಪೂರ್ತಿಯಾಯಿತು. ಐದು ತಟ್ಟೆಗಳಿಗೆ ಬಡಿಸುವಷ್ಟರಲ್ಲಿ ಗೀಡೋ ತನ್ನ ರೇಷ್ಮೆ ಟೈ ಮೇಲೂ ಸೂಪು ಚೆಲ್ಲಿಕೊಂಡ.

"ಯಾಕ್ರೀ ಮೊದ್ಲೇ ಹೇಳ್ಲಿಲ್ಲ?" ಎಂದು ಅವನು ಆಗಾಥಾಳ ಕಿವಿಯ ಬಳಿ ಕೇಳಿದ.

"ನೀವು ಹೊಗಳ್ತಾನೇ ಇದ್ರಲ್ಲ" ಎಂದಳು ಅವಳು. "ನಡುವೆ ಬಾಯಿ ಹಾಕೋದು ಚೆನ್ನಾಗಿರಲ್ಲ ಅಂತ ಸುಮ್ನಿದ್ದೆ."

ಊರಿನವರು ಬಡತನವನ್ನು ಬೇಗ ಕ್ಷಮಿಸಿದರು. ಮಾಂಸ ತಿಂದದ್ದನ್ನು ಕ್ಷಮಿಸಲು ಕೆಲವರಿಗೆ ತಿಂಗಳುಗಳೇ ಬೇಕಾದವು. ದತ್ತಿಯ ಖರ್ಚಿನಲ್ಲಿ ಆಗಾಥಾಳಿಗೆ ಹಲ್ಲು ಕಟ್ಟಿಸಿದರು. ಚೀಸಿನ ಕಾಲು ಗಾಲಿ ಅವಳ ಪುಟ್ಟ ಫ್ರಿಜ್ಜಿಗೆ ಹಿಡಿಸಲಿಲ್ಲ. ಕ್ಸಾವರ್ ಗರಗಸ ತಂದು ಅದನ್ನು ಕೊಯ್ದುಕೊಟ್ಟ. ಕೊಯ್ಯುತ್ತ ಕೊಯ್ಯುತ್ತ, ಇಪ್ಪತ್ತೆರಡು ವರ್ಷ ಒಂದೇ ಚರ್ಚಿನಲ್ಲಿ ಹಾಡಿ ನುಡಿಸಿದ ಮೇಲೆ, "ಇನ್ಮೇಲೆ ನೀವು ಬೇಡ, ನೀನು ಅನ್ನೋಣ್ವಾ?" ಎಂದು ಕೇಳಿದ. ಅವಳು ಹೂಂ ಎಂದಳು. ಆಮೇಲಿನ ಎರಡು ವಾರ ಇಬ್ಬರೂ ನಾಚಿಕೆಯಿಂದ ಮಾತೇ ಆಡಲಿಲ್ಲ.

ಸಮಿತಿಯಲ್ಲಿರುವವರು ದಾನ ಪಡೆಯುವಂತಿಲ್ಲ ಎಂಬ ನಿಯಮ ಕೊರ್ದುಲಾಳ ಕಣ್ಣಿಗೆ ಬಿತ್ತು. ಆಗಾಥಾ ಸಂತೋಷವಾಗಿ ಸಮಿತಿ ಬಿಟ್ಟಳು.

ಮರುವರ್ಷ ಅಕ್ಟೋಬರಿನಲ್ಲಿ ಗೀಡೋ ಮತ್ತೆ ಅವಳ ಬಾಗಿಲಿಗೆ ಬಂದ. ಮುಖ ಹಿಂದಿನ ವರ್ಷಕ್ಕಿಂತ ಹೆಚ್ಚು ಚಿಂತೆಯಿಂದ ಬಾಡಿತ್ತು.

"ಹದಿನಾರು ಅರ್ಜಿ ಬಂದಿವೆ, ಫ್ರಾವ್ ಇಂಫೆಲ್ಡ್! ಇಷ್ಟು ಜನ ಎಲ್ಲಿದ್ರು? ನಿಮ್ಮ ಮನೆ ಕೆಳಗಡೆ ಇರೋರು ಕೂಡ!"

"ಅವರಾ?" ಎಂದು ಆಗಾಥಾಳಿಗೂ ಆಶ್ಚರ್ಯವಾಯಿತು. "ಅವರು ಟೀವಿ ನೋಡಲ್ಲ, ಪುಸ್ತಕ ಓದೋರು ಅಂತ ನಾನು ತುಂಬಾ ಗೌರವ ಇಟ್ಕೊಂಡಿದ್ದೆ."

"ವಿಲ್‌ನಲ್ಲಿ ಒಂಬತ್ತೇ ಕುರ್ಚಿ ಇರೋದು. ಮಿಕ್ಕ ಏಳು ಜನಕ್ಕೆ ಏನು ಹೇಳ್ಲಿ? ನೀವು ಸ್ವಲ್ಪ ಕಡಿಮೆ ಬಡವರು ಅಂತ ಹೇಳೋಕಾಗುತ್ತಾ?"

ಆಗಾಥಾ ಯೋಚಿಸಿದಳು. "ವಿಲ್‌ನಲ್ಲಿ ಬೆಂಚಿನ ವಿಚಾರ ಏನಾದ್ರೂ ಬರೆದಿದೆಯಾ?"

ಗೀಡೋ ಕೊರ್ದುಲಾಳಿಗೆ ಫೋನು ಮಾಡಿದ. ಬೆಂಚಿನ ವಿಚಾರ ಕಪ್ತಾನ ಏನನ್ನೂ ಬರೆದಿರಲಿಲ್ಲ. ಆ ವರ್ಷ ಸಂತ ಮಾರ್ಟಿನನ ದಿನ ಶಾಲೆಯ ವ್ಯಾಯಾಮ ಕೊಠಡಿಯಿಂದ ಎರಡು ಉದ್ದನೆಯ ಬೆಂಚು ತಂದು ಹಾಕಿದರು. ರೊಸಾಲಿಯಾ ಗ್ವೆರ್ಡರ್ ಬಾಗಿಲಲ್ಲಿ ನಿಂತು ತಲೆಗಳನ್ನು ಎಣಿಸಿ, ಗಾಜಿನ ಕಟ್ಟಡದ ಪರದೆಯ ಆಸೆ ಬಿಟ್ಟು, ಅರ್ಜಿಗಳ ಲೆಕ್ಕ ಮೊದಲೇ ಕೇಳಿಕೊಂಡು ತಂದಿದ್ದ ಹದಿನಾರು ಸಾಸೇಜುಗಳ ಪೊಟ್ಟಣವನ್ನು ಅಡುಗೆಮನೆಗೆ ಕೊಟ್ಟು ಬುಖ್ಲೆನ್ ಬಸ್ಸು ಹತ್ತಿದಳು.